ಕೇಳಿದಷ್ಟು ನೀರು

ಭಾನುವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ,

ಹೇಗಿದ್ದೀಯ? ಅಳಿಯಂದಿರ ಕೆಮ್ಮು ಕಡಿಮೆಯಾಯಿತೇ? ಶಿಬಿರದಿಂದ ಬಂದ ಕೂಡಲೇ ಬರೆಯುತ್ತೇನೆ ಎಂದವಳು ಇಷ್ಟು ದಿನ ಸುಮ್ಮನಿದ್ದುಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡ. ಅಂಗಡಿ ಬಾಗಿಲು ತೆರೆದರೆ ಶಾಲಾ ಸಮವಸ್ತ್ರಗಳ ರಾಶಿ. ಅದರ ಮೇಲೆ ಹೊಲಿಗೆ ಯಂತ್ರದ ಬೆಲ್ಟು ಬೇರೆ ಕಿತ್ತುಹೋಗಿತ್ತು. ಇದೆಲ್ಲ ನೆಪ ಎಂದು ನಿನಗೂ ಗೊತ್ತು. ಬರೆಯಲು ಕೂತು ಹರಿದು ಹಾಕಿದ್ದೇ ಹೆಚ್ಚು. ಫೋನಿನಲ್ಲಿ ಹೇಳೋಣವೆಂದರೆ, ನಾವಿಬ್ಬರೂ ‘ಊಟ ಆಯ್ತಾ’, ‘ಆಯ್ತು’ ಎನ್ನುವುದರಲ್ಲೇ ಮಾತು ಮುಗಿಸಿಬಿಡುತ್ತೇವಲ್ಲ.

ಮೊದಲು ಶಿಬಿರದ ಸುದ್ದಿ. ಆ ನೀರಿನ ಶಿಬಿರಕ್ಕೆ ನೀನು ನನ್ನ ಹೆಸರು ಬರೆಸಿ, ರೈಲಿನ ಟಿಕೆಟ್ಟನ್ನೂ ಕಳಿಸಿದಾಗ ಗೊಣಗಿಕೊಂಡೇ ಹೊರಟೆ. ನೀರಿನ ಅರ್ಥ ತಿಳಿಯಲು ಕಾಡಿಗೆ ಯಾಕೆ ಹೋಗಬೇಕು, ನಲ್ಲಿ ತಿರುಗಿಸಿದರೆ ಬರುತ್ತದಲ್ಲ ಎಂದು ಪಕ್ಕದ ಅಂಗಡಿಯಾಕೆಯ ಹತ್ತಿರ ನಗಾಡಿಯೂ ಬಂದಿದ್ದೆ. ಜಾಗವೇನೋ ಚೆನ್ನಾಗಿತ್ತು. ಕಾಡಿನ ಅಂಚಿಗೆ ಒಂದು ಕೆರೆ, ಅದರ ದಡದಲ್ಲಿ ಮರದ ಕೋಣೆಗಳು. ನನ್ನ ಕೋಣೆಯ ಕಿಟಕಿ ಎಷ್ಟು ಎಳೆದರೂ ಪೂರ್ತಿ ಮುಚ್ಚುತ್ತಿರಲಿಲ್ಲ. ನನ್ನ ಜೊತೆಗಿದ್ದ ಬೇಕರಿಯಾಕೆ ಮಿತಾಹಾರದ ನಿಯಮಕ್ಕೆ ಹೆದರಿ ಚೀಲದ ತುಂಬ ಬನ್ನು ತಂದಿದ್ದಳು. ನನಗೂ ಪಾಲು ಸಿಕ್ಕಿತೆನ್ನು.

ಶಿಬಿರ ನಡೆಸುವವಳಿಗೆ ಹೆಚ್ಚುಕಡಿಮೆ ನಿನ್ನದೇ ವಯಸ್ಸು. ಮೊದಲು ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಇದ್ದಳಂತೆ. ನೀರು ತನಗಾಗಿ ಏನನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ, ಕೊಟ್ಟು ಮುಂದೆ ಹೋಗುತ್ತದೆ, ನಾವೂ ಹಾಗೆ ಬದುಕಬಹುದೇ ನೋಡೋಣ ಎಂದು ಮೆಲ್ಲಗೆ ಹೇಳುತ್ತಿದ್ದಳು. ನಾನು ಆಕಳಿಸುತ್ತಾ ಕೂತಿದ್ದೆ. ಆದರೆ ಮಾರನೆಯ ಬೆಳಿಗ್ಗೆ ತೊರೆಯಲ್ಲಿ ಕಾಲು ಇಳಿಬಿಟ್ಟು ಮಾತಿಲ್ಲದೆ ಕೂರಿಸಿದಾಗ, ಕಣ್ಣು ಮುಚ್ಚಿದರೆ ಸಾಕು, ನಿನ್ನ ಅಪ್ಪ ಬಂದು ನಿಲ್ಲುತ್ತಿದ್ದರು. ಪ್ರೆಸ್ಸಿನಿಂದ ಬರುತ್ತಿದ್ದ ಹಾಗೆಯೇ, ಕೈಗೆಲ್ಲ ಮಸಿ, ಚಪ್ಪಲಿಯನ್ನೂ ಬಿಡದೆ ಚೊಂಬು ಎತ್ತಿ ಗಟಗಟನೆ ಕುಡಿಯುತ್ತಿದ್ದರಲ್ಲ, ಹಾಗೆ. ನೀನು ಚಿಕ್ಕವಳಿದ್ದಾಗ ಅವರ ಗಂಟಲು ಮೇಲೆ ಕೆಳಗೆ ಆಡುವುದನ್ನು ನೋಡಿ ನಗುತ್ತಿದ್ದೆ.

ಅಂಥ ಮನುಷ್ಯನ ಕಿಡ್ನಿ ಕೈಕೊಟ್ಟ ಮೇಲೆ ನೀರಿಗೆ ಕಾವಲು ಕೂತವಳು ನಾನು. ಡಯಾಲಿಸಿಸ್ ನಡುವಿನ ದಿನಗಳಲ್ಲಿ ನೀರು ಹೆಚ್ಚಾದರೆ ಶ್ವಾಸಕೋಶಕ್ಕೇ ತುಂಬಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಬಂದವರೆದುರು ಅಪ್ಪ, ಇವಳು ಬಟ್ಟೆ ಅಳೆದ ಹಾಗೆ ನೀರನ್ನೂ ಅಳೆಯುತ್ತಾಳೆ ಎಂದು ತಮಾಷೆ ಮಾಡುತ್ತಿದ್ದರು. ಅವರು ನಗುತ್ತಿದ್ದರು, ನಾನೂ ನಗುತ್ತಿದ್ದೆ, ನೀರು ಮಾತ್ರ ಕೊಡುತ್ತಿರಲಿಲ್ಲ.

ಶಿಬಿರದ ಕೊನೆಯ ದಿನ ಬೆಳಗಿನಿಂದ ಯಾರೂ ನೀರು ಮುಟ್ಟದೆ ಕಾಡಿನೊಳಗಿನ ಒರತೆಯವರೆಗೆ ನಡೆಯಬೇಕಿತ್ತು. ಅಲ್ಲಿ ಒಬ್ಬರು ಇನ್ನೊಬ್ಬರ ಬೊಗಸೆಗೆ, ಅವರು ಸಾಕು ಅನ್ನುವವರೆಗೂ ನೀರು ಹಾಕಬೇಕು. ನನಗೆ ಜೊತೆಯಾದವರು ಟ್ಯಾಕ್ಸಿ ಓಡಿಸುವ ಒಬ್ಬರು. ಗೋಡೆ ನಡುಗುವಂತೆ ಗೊರಕೆ ಹೊಡೆಯುತ್ತಿದ್ದರಾದ್ದರಿಂದ ಶಿಬಿರದವರೆಲ್ಲ ಅವರನ್ನು ಗೊರಕೆ ಮಾವ ಎಂದೇ ಕರೆಯುತ್ತಿದ್ದರು. ಅವರು ಮೊಣಕಾಲೂರಿ ಬೊಗಸೆ ಒಡ್ಡಿದರು. ನಾನು ಒಂದಿಷ್ಟು ಹಾಕಿ ನಿಲ್ಲಿಸಿದೆ. ಕುಡಿದು ಮತ್ತೆ ಒಡ್ಡಿದರು. ಮತ್ತೆ ಒಂದಿಷ್ಟೇ. ನನ್ನ ಕೈ ತಾನಾಗಿ ನಿಂತುಬಿಡುತ್ತಿತ್ತು ಗುಬ್ಬಿ. ಅವರು ತಲೆಯೆತ್ತಿ ನಕ್ಕರು.

“ಏನಕ್ಕಾ, ಕಣ್ಣಿಗೆ ಔಷಧಿ ಬಿಟ್ಟ ಹಾಗೆ ಬಿಡ್ತಿದ್ದೀರಲ್ಲ. ಇಷ್ಟು ನೀರಿದೆ ಇಲ್ಲಿ.”

ನಾನು ಅಲ್ಲೇ ಕೆಸರಿನಲ್ಲಿ ಕೂತು ಅತ್ತುಬಿಟ್ಟೆ. ಪಾಪ, ಏನು ಅಂದುಬಿಟ್ಟೆನೋ ಎಂದು ಅವರು ಗಾಬರಿಯಾದರು. ನಿನಗೂ ಹೇಳಿರದ ಮಾತನ್ನು ಗುರುತು ಪರಿಚಯವಿಲ್ಲದ ಆ ಮನುಷ್ಯನಿಗೆ ಹೇಳಿದೆ. ಈಗ ನಿನಗೂ ಹೇಳುತ್ತಿದ್ದೇನೆ. ತಮ್ಮ ಕೊನೆಯ ದಿನ ಸಂಜೆ ಅಪ್ಪ ನನ್ನ ಕೈ ಹಿಡಿದುಕೊಂಡು ಕೇಳಿದರು.

“ಒಂದು ಲೋಟ ಕೊಡೇ. ತುಂಬ ಇರಲಿ. ಮತ್ತೆ ಕೇಳಲ್ಲ.”

ನಾಳೆ ಡಯಾಲಿಸಿಸ್ ಮುಗಿಯಲಿ, ಆಮೇಲೆ ಕೊಡುತ್ತೇನೆ ಎಂದೆ. ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತಿದೆ. ಅವರು ಗೋಡೆಯ ಕಡೆ ಹೊರಳಿದರು. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಗೊರಕೆ ಮಾವ ಸಮಾಧಾನದ ಮಾತೇನೂ ಆಡಲಿಲ್ಲ. ಅವರಿಗೆ ನಿಮ್ಮ ಮೇಲೆ ಸಿಟ್ಟು ಬಂದಿತ್ತಾ ಎಂದಷ್ಟೇ ಕೇಳಿದರು. ಗೊತ್ತಿಲ್ಲ, ಮುಖ ಆಚೆ ಕಡೆ ಇತ್ತು ಎಂದೆ. ಅವರು, ತಮಗಿನ್ನೂ ಬಾಯಾರಿಕೆ ಇದೆ ಎಂದು ಮತ್ತೆ ಬೊಗಸೆ ಒಡ್ಡಿದರು. ಈ ಸಲ ಅವರ ಅಂಗಿಯೆಲ್ಲ ನೆನೆದು, ಸಾಕು ಸಾಕು ಎನ್ನುವವರೆಗೂ ಸುರಿದೆ. ಆಮೇಲೆ ನನ್ನ ಸರದಿ. ಎರಡು ಗುಟುಕಿಗಿಂತ ಹೆಚ್ಚು ಇಳಿಯಲಿಲ್ಲ.

ಮನಸ್ಸು ಹಗುರಾಯಿತು ಎಂದು ಬರೆದರೆ ನಿನಗೆ ಸಂತೋಷವಾಗುತ್ತಿತ್ತೇನೋ. ಆಗಲಿಲ್ಲ ಕಣೇ. ಹೊರಡುವ ಮುಂಚೆ ಶಿಬಿರ ನಡೆಸುವವಳು ಎಲ್ಲರನ್ನೂ ಸುತ್ತ ಕೂರಿಸಿ, ನೀರಿನಿಂದ ಏನು ಸಿಕ್ಕಿತು ಎಂದು ಕೇಳಿದಳು. ಬೇಕರಿಯಾಕೆ ಶಾಂತಿ ಎಂದಳು. ನಾನು, ಮನೆಯಲ್ಲಿ ಒಬ್ಬರಿಗೆ ಒಂದು ಮಾತು ಹೇಳುವುದು ಬಾಕಿಯಿದೆ, ಅದನ್ನು ಹೇಳದೆ ನನಗೇನೂ ತಿಳಿಯುವುದಿಲ್ಲ ಎಂದುಬಿಟ್ಟೆ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಪೇಪರ್ ತಿದ್ದುವ ಭರದಲ್ಲಿ ಊಟ ಬಿಡಬೇಡ. ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ ನಿಮ್ಮಿಬ್ಬರಿಗೂ ಸದಾ ಇರಲಿ, ಬೇರೇನನ್ನೂ ನಾನು ಬೇಡುವುದಿಲ್ಲ.

ಇಂತಿ,
ನಿನ್ನ ಅಮ್ಮ

ತಾ.ಕ.: ಹೇಳಬೇಕಾದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದು ಮಡಚಿದ್ದೆ. ಮತ್ತೆ ಬಿಚ್ಚಿದ್ದೇನೆ.

ಅಪ್ಪ ಹೋದ ಮೇಲೆ, ಉಳಿದ ಔಷಧಿ ಕೊಟ್ಟುಬರಲು ಆಸ್ಪತ್ರೆಗೆ ಹೋಗಿದ್ದೆನಲ್ಲ, ಆಗ ಡಾಕ್ಟರು ಕೇಳಿದರು: “ಕೊನೇಲಾದ್ರೂ ನೀರು ಕುಡಿದ್ರಾ? ಹಿಂದಿನ ದಿನ ಬೆಳಿಗ್ಗೇನೇ ನಿಮ್ಮ ಮಗಳಿಗೆ ಫೋನ್ ಮಾಡಿದ್ದೆ. ಇನ್ನು ಡಯಾಲಿಸಿಸ್ ಬೇಡ, ಕೇಳಿದಷ್ಟು ನೀರು ಕೊಡಿ ಅಂತ.”

ಕುಡಿದರು ಎಂದು ಹೇಳಿ ಬಂದೆ.

ನಾನು ಹೆದರುತ್ತೇನೆಂದು ಡಾಕ್ಟರು ಎಲ್ಲವನ್ನೂ ಮೊದಲು ನಿನಗೇ ಹೇಳುತ್ತಿದ್ದರು. ಆ ಮಧ್ಯಾಹ್ನ ನೀನು ಫೋನ್ ಮಾಡಿದೆ, ಅಪ್ಪ ಹೇಗಿದ್ದಾರೆ ಎಂದೆ, ತುಂಬ ಹೊತ್ತು ಸುಮ್ಮನಿದ್ದೆ, ನಾಳೆ ಬರುತ್ತೇನೆ ಎಂದು ಇಟ್ಟುಬಿಟ್ಟೆ. ನೀರು ಕೊಡು ಎನ್ನಬೇಕಾದರೆ ಅಪ್ಪ ಉಳಿಯುವುದಿಲ್ಲ ಎಂದೂ ಹೇಳಬೇಕಿತ್ತು. ಅದು ನಿನ್ನ ಬಾಯಿಂದ ಬರಲಿಲ್ಲ. ನನಗೆ ಅರ್ಥವಾಗುತ್ತದೆ. ಅಂದೇ ಅರ್ಥವಾಗಿದ್ದರೆ ಚೆನ್ನಾಗಿತ್ತು. ಸಿಟ್ಟಿನಲ್ಲಿ ನಾನು ಬಾಯಿ ಬಿಗಿದುಕೊಂಡೆ. ನನಗೇನೂ ಗೊತ್ತಿಲ್ಲವೆಂದು ನೀನು ತಿಳಿದೆ, ಬರುವುದನ್ನೇ ಕಡಿಮೆ ಮಾಡಿದೆ, ನನ್ನನ್ನು ಶಿಬಿರಗಳಿಗೆ ಕಳಿಸತೊಡಗಿದೆ.

ಸಿಟ್ಟು ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಸಿಟ್ಟಿದ್ದರೂ ನೀನು ನನ್ನ ಮಗಳೇ. ಇದನ್ನು ಓದಿ ಫೋನ್ ಮಾಡಬೇಡ. ಬಾ. ಬಂದು ನನ್ನ ಎದುರಿಗೆ ಕೂತು ಅಳು. ಒಬ್ಬಳೇ ಅತ್ತು ನನಗೂ ಸಾಕಾಗಿದೆ.