ಎಲೆ ಬಿಟ್ಟು ಏಳಲಿಲ್ಲ, ಮಾವ

ಮೊಳಕಾಲ್ಮೂರಿನ ನನ್ನ ಸೋದರಮಾವನಿಗೆ,

ಚಳ್ಳಕೆರೆಯಿಂದ ರತ್ನ ಮಾಡುವ ನಮಸ್ಕಾರ. ನೀನು ಹೋಗಿ ನಾಲ್ಕು ವರ್ಷವಾಯಿತು. ಈ ಕಾಗದವನ್ನು ಮೂರು ಸಲ ಶುರುಮಾಡಿ ಹರಿದುಹಾಕಿದ್ದೇನೆ. ಒಮ್ಮೆ ಅಕ್ಷರ ಸರಿಯಿಲ್ಲ ಅನ್ನಿಸಿತು. ಒಮ್ಮೆ ನಿನ್ನ ಕನ್ನಡಕದ ಚಿಂತೆ ಹತ್ತಿತು. ನಗಬೇಡ. ಅದು ಇನ್ನೂ ನಿನ್ನ ಮನೆಯ ಗೋಡೆಗೂಡಿನಲ್ಲೇ ಇದೆ, ನಾನೇ ಕಣ್ಣಾರೆ ನೋಡಿದ್ದೇನೆ. ಹಾಗಾದರೆ ಅಲ್ಲಿ ನೀನು ಹೇಗೆ... ಇರಲಿ. ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ. ನೀನು ಹೇಳು ಅಂದಿದ್ದ ಸುದ್ದಿ ಈಗ ಬಂದಿದೆ.

ಬೇಸಿಗೆ ರಜೆಯಲ್ಲಿ ನಿನ್ನ ಗುಂಡಿಮಗ್ಗದ ಪಕ್ಕ ಕೂತಿದ್ದು ಮೊದಲು ನೆನಪಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಬೀದಿಯ ಮಗ್ಗಗಳೆಲ್ಲ ಸದ್ದು ನಿಲ್ಲಿಸಿದಾಗ, ನೀನು ಕಾಲನ್ನು ಗುಂಡಿಯಲ್ಲೇ ಇಳಿಬಿಟ್ಟುಕೊಂಡು, ನೇಯ್ದ ರೇಷ್ಮೆಯ ಮೇಲೆ ಬಿಳಿ ಬಟ್ಟೆ ಮುಚ್ಚಿ, ಇಸ್ಪೀಟಿನ ಕಟ್ಟು ತೆಗೆಯುತ್ತಿದ್ದೆ. ಇಸ್ಪೀಟು, ಆಟೀನು, ಕಳಾವರು, ಡೈಮಂಡು. ನನಗೆ ಮಗ್ಗಿ ಬರುವ ಮೊದಲೇ ಇವು ಬಂದವು. ಎಲೆ ಹಂಚಿದ ಕೂಡಲೇ ಆಸೆಯಿಂದ ತಿರುಗಿಸಿ ನೋಡಹೋದರೆ ಕೈಮೇಲೆ ಒಂದು ಏಟು ಬೀಳುತ್ತಿತ್ತು.

"ಮೊದ್ಲು ಕಣ್ಣಿಗೊತ್ಕೋ. ಆಮೇಲೆ ನೋಡು."

"ಯಾಕ್ ಮಾವ, ಇದೇನು ಪ್ರಸಾದನಾ?"

"ಊಟದ ಎಲೆಗೆ ಕೈ ಮುಗಿಯಲ್ವಾ? ಇದೂ ಎಲೇನೇ. ಏನ್ ಬಡ್ಸ್ಯಾರೆ ಅಂತ ನೋಡಾಕ್ ಮುಂಚೆ ಮುಗೀಬೇಕು. ನೋಡಿದ್ ಮ್ಯಾಲೆ ಮುಗುದ್ರೆ ಅದು ವ್ಯಾಪಾರ."

ನಿನ್ನದು ಇನ್ನೊಂದು ಕಟ್ಟಳೆಯೂ ಇತ್ತು. ಪಂಕ್ತಿಯಲ್ಲಿ ಕೂತವರು ಹೇಗೆ ಎಲ್ಲರ ಊಟ ಮುಗಿಯುವ ತನಕ ಏಳುವುದಿಲ್ಲವೋ, ಆಟಕ್ಕೆ ಕೂತವರೂ ಹಾಗೆಯೇ ಇರಬೇಕು. ಸೋಲುತ್ತಿದ್ದೇನೆ ಎಂದು ನಾನು ಮುಖ ಊದಿಸಿಕೊಂಡು ಎದ್ದರೆ ನಿನ್ನ ಬಾಯಿಗೆ ತೆಲುಗು ಬರುತ್ತಿತ್ತು. "ಕೂಚೋ, ರತ್ನಮ್ಮಾ, ಕೂಚೋ." ಕೂತ್ಕೋ ಎಂದರೆ ನಾನು ಕೇಳುತ್ತಿರಲಿಲ್ಲ. ಕೂಚೋ ಎಂದರೆ ಕಾಲು ತಾನಾಗಿ ಮಡಚುತ್ತಿತ್ತು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯ ದಿನ ನಿನಗೆ ಮರೆತಿರಲಾರದು. ಸೀರೆ ಕೊಡಲು ಚಳ್ಳಕೆರೆಗೆ ಬಂದಿದ್ದವನು, ನನ್ನನ್ನು ಕರೆದುಕೊಂಡು ಹೋಗೋಣ ಎಂದು ಸ್ಕೂಲಿನ ಹೊರಗೆ ಹೊಂಗೆಮರದಡಿ ಸೈಕಲ್ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಅವತ್ತು ಲೆಕ್ಕದ ಪೇಪರು. ಪ್ರಶ್ನೆ ಪತ್ರಿಕೆ ಕೈಗೆ ಬಂದದ್ದೇ ನನ್ನ ಕೈ ನಡುಗಲು ಶುರುವಾಯಿತು. ಗೊತ್ತಿದ್ದ ಲೆಕ್ಕಕ್ಕೂ ನಡುಕ, ಗೊತ್ತಿಲ್ಲದ್ದಕ್ಕೂ ನಡುಕ. ಅರ್ಧ ಗಂಟೆಯಲ್ಲಿ ಎದ್ದು ಹೊರಗೆ ಬಂದುಬಿಟ್ಟೆ.

"ಆಗ್ಲೇ ಮುಗೀತಾ?" ಅಂದೆ ನೀನು.

"ಇಲ್ಲ ಮಾವ. ಎದ್ದು ಬಂದೆ."

ನೀನು ಬೈಯಲಿಲ್ಲ. ಸೈಕಲ್ಲಿನ ಸೀಟು ಒರೆಸಿದೆ, ಸುಮ್ಮನೆ, ಧೂಳೇ ಇಲ್ಲದಿದ್ದರೂ. ಆಮೇಲೆ ಹೇಳಿದೆ: "ಹೋಗ್ಲಿ ಬಿಡು. ಒಂದಲ್ಲ ಒಂದಿನ ಎಲ್ಲಾದ್ರೂ ಕೊನೇತನ್ಕ ಕೂತಿರ್ತೀಯಲ್ಲ, ಅವತ್ತು ನಂಗೆ ಹೇಳು."

ಮನೆಯಲ್ಲಿ ಅವ್ವ ಅಷ್ಟು ಸುಲಭಕ್ಕೆ ಬಿಡುತ್ತಾಳೆಯೇ? ನೀನು ಅವಳ ಬೆನ್ನಿಗೆ ಹುಟ್ಟಿದ ತಮ್ಮ ಎಂಬುದನ್ನೂ ನೋಡಲಿಲ್ಲ. ಹೊಸ್ತಿಲಲ್ಲೇ ನಿಲ್ಲಿಸಿ, "ನಿನ್ನ ಇಸ್ಪೀಟೇ ಕಣೋ ಈ ಮಗೀನ ತಲೆ ಕೆಡ್ಸಿದ್ದು. ಇನ್ ಮ್ಯಾಲೆ ಈ ಹೊಸ್ಲು ತುಳೀಬ್ಯಾಡ" ಅಂದಳು. ಯುಗಾದಿ ಬಂದರೆ ಊರಿಗೆ ಊರೇ ಎಲೆ ಹಿಡಿದು ಕೂರುತ್ತದೆ, ಹೆಸರು ಕೆಟ್ಟಿದ್ದು ಮಾತ್ರ ನಿನ್ನದು. ನೀನು ಏನೋ ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಸೈಕಲ್ ಹತ್ತಿ ಹೋದವನು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಅವತ್ತು ಏನು ಹೇಳಹೊರಟಿದ್ದೆ ಎಂದು ನನಗೆ ಗೊತ್ತಾಗಿದ್ದು ಹೋದ ತಿಂಗಳು. ಅದನ್ನು ಆಮೇಲೆ ಬರೆಯುತ್ತೇನೆ.

ಅಲ್ಲಿಂದಾಚೆಗೆ ನಾನು ಎದ್ದು ಬಂದ ಜಾಗಗಳು ಒಂದೇ ಎರಡೇ? ಟೈಲರಿಂಗ್ ಕ್ಲಾಸಿನಿಂದ, ಸಂಘದ ಮೀಟಿಂಗಿನಿಂದ, ಇಂಟರ್ವೆಲ್ಲಿಗೂ ಮುಂಚೆ ಸಿನಿಮಾದಿಂದ. ಮನೆಯಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ, ಅವ್ವ ಜಾರಿ ಬಿದ್ದಳೋ ಏನೋ... ಕಾರಣಕ್ಕೇನು ಬರವಿಲ್ಲ. ಈಗ ಮನೆಯಲ್ಲೇ ಕೂತು ಸೀರೆಗಳಿಗೆ ಫಾಲ್ ಹಾಕುತ್ತೇನೆ, ಕುಚ್ಚು ಕಟ್ಟುತ್ತೇನೆ. ಸೂಜಿ ಹಿಡಿದಾಗ ಮಾತ್ರ ಕೈ ನಡುಗುವುದಿಲ್ಲ. ನೀನು ಹೇಳು ಅಂದ ದಿನ ಬರುವುದರೊಳಗೆ ನೀನೇ ಹೊರಟುಬಿಟ್ಟೆ.

ಇನ್ನು ಇದಕ್ಕೆಲ್ಲ ಕಾರಣ ನಿನ್ನ ಮಗಳು ಜ್ಯೋತಿ. ನಿನ್ನ ಸೀರೆ ಅಂಗಡಿಯನ್ನು ಚೆನ್ನಾಗಿ ನಡೆಸುತ್ತಿದ್ದಾಳೆ, ಅದರ ಚಿಂತೆ ಬೇಡ. ಕುಚ್ಚಿಗೆ ಸೀರೆ ತಂದಾಗಲೆಲ್ಲ ನನಗೆ ಪೋಕರ್ ಎಂಬ ಆಟ ಕಲಿಸಿದಳು. ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ, ಅದರಲ್ಲಿ ಒಳ್ಳೆಯ ಐದು ಜೋಡಿಸಿಕೊಳ್ಳಬೇಕು. ಪಣಕ್ಕಿಡುವ ಬಿಲ್ಲೆಯ ಬದಲು ಶೇಂಗಾ ಇಟ್ಟು ಆಡಿದೆವು. ಅವಳು ಗೆದ್ದ ಶೇಂಗಾವನ್ನು ಅಲ್ಲೇ ತಿಂದುಬಿಡುತ್ತಿದ್ದುದರಿಂದ ಯಾವಾಗಲೂ ನಾನೇ ಮುಂದಿರುತ್ತಿದ್ದೆ. ಒಂದು ದಿನ ಬಂದವಳೇ ಬಾಂಬು ಹಾಕಿದಳು. ನಾನು ಅವಳ ಸೋದರತ್ತೆಯ ಮಗಳಲ್ಲವೇ, ಅತ್ಗೆ ಎಂದೇ ಕರೆಯುವುದು.

"ಅತ್ಗೆ, ಗೋವಾದಾಗೆ ಕ್ಯಾಸಿನೋ ಹಡಗಿನ ಮ್ಯಾಲೆ ಹೊಸಬ್ರಿಗೇ ಅಂತ ಒಂದು ಪಂದ್ಯ ಐತಂತೆ. ಇಬ್ರ ಹೆಸ್ರೂ ಬರ್ಸೀನಿ."

"ಅಯ್ಯೋ, ಪೊಲೀಸ್ರು ಹಿಡುದ್ರೆ?"

"ಅಲ್ಲಿ ಸರ್ಕಾರನೇ ಬಿಟ್ಟೈತೆ ಕಣತ್ಗೆ."

"ಹಡಗು ಮುಳುಗಿದ್ರೆ?"

"ಅದು ನದೀಲಿ ನಿಂತಿರೋ ಹಡಗು. ಎಲ್ಲಿಗೂ ಹೋಗಲ್ಲ."

"ಎಲ್ಲಿಗೂ ಹೋಗ್ದಿರೋ ಹಡಗು ಇನ್ನೇನ್ ಮಾಡತ್ತೆ? ಮುಳುಗ್ಬೇಕು ಅಷ್ಟೆ!"

ಅವ್ವನಿಗೆ ಗೋವಾದ ದೇವಸ್ಥಾನ ನೋಡಲು ಹೋಗುತ್ತೇವೆ ಎಂದೆ. ಸುಳ್ಳಾಗಬಾರದು ಎಂದು ಇಳಿದ ಕೂಡಲೇ ಜ್ಯೋತಿಯನ್ನು ಎಳೆದುಕೊಂಡು ಒಂದು ದೇವಸ್ಥಾನಕ್ಕೂ ಹೋಗಿಬಂದೆ. ನೀನು ನೇಯ್ದ ನವಿಲಂಚಿನ ಸೀರೆ ಉಟ್ಟಿದ್ದೆ. ಹಡಗಿಗೆ ಕರೆದೊಯ್ಯುವ ದೋಣಿಯಲ್ಲಿ ಕಣ್ಣು ಮುಚ್ಚಿ ಕೂತೆ. ವೇದಾವತಿಯಲ್ಲಿ ಮೊಣಕಾಲುದ್ದದ ನೀರು ಕಂಡವಳಿಗೆ ಆ ನದಿ ಎಂದರೆ... ಒಳಗೆ ಹೋದರೆ ಬೆಳಗಿನ ಹನ್ನೊಂದು ಗಂಟೆಗೇ ಮದುವೆ ಮನೆಯಷ್ಟು ದೀಪ. ಬಾಗಿಲಲ್ಲಿ ನನ್ನ ಬ್ಯಾಗಿನಲ್ಲಿದ್ದ ಕತ್ತರಿ ತೆಗೆದಿಟ್ಟುಕೊಂಡರು. ವಾಪಸು ಕೊಡುತ್ತಾರೋ ಇಲ್ಲವೋ ಎಂಬ ಚಿಂತೆ ಅಲ್ಲಿಂದಲೇ ಶುರು.

ಎರಡು ಮೇಜು, ಒಟ್ಟು ಹದಿನೆಂಟು ಜನ. ಜ್ಯೋತಿ ಆ ಮೇಜಿಗೆ, ನಾನು ಈ ಮೇಜಿಗೆ. ನನ್ನ ಎದುರಿಗೆ ಕಪ್ಪು ಕನ್ನಡಕದ ಒಬ್ಬ ದಾವಣಗೆರೆ ಹುಡುಗ. ಪಕ್ಕದಲ್ಲಿ ಅನಂತಪುರದ ಕಡೆಯ ಬಟ್ಟೆ ವ್ಯಾಪಾರಿ, ನರಸಿಂಹಲು ಎಂಬ ಹಿರಿಯರು. ಎಲೆ ಹಂಚುವ ಹುಡುಗಿ ನನ್ನ ಮುಂದೆ ಎರಡು ಎಲೆ ಜಾರಿಸಿದಳು. ಮಾವ, ನಾನೇನು ಮಾಡಿದೆ ಗೊತ್ತಾ? ಎರಡೂ ಎಲೆ ಎತ್ತಿ ಕಣ್ಣಿಗೊತ್ತಿಕೊಂಡೆ! ಬೆನ್ನು ನನ್ನ ಕಡೆಗಿದ್ದ ಎಲೆಯ ಮುಖ ಊರಿಗೆಲ್ಲ ಕಂಡಿತು. ಹುಡುಗಿ ಗಾಬರಿಯಾಗಿ, "ಮೇಡಂ, ಪತ್ತೇ ಟೇಬಲ್ ಪೇ" ಎಂದಳು. ಎಲೆಯನ್ನು ಮೇಜಿನಿಂದ ಎತ್ತಬಾರದಂತೆ. ದಾವಣಗೆರೆಯವನು, "ಆಂಟಿ, ಆರತಿ ತಟ್ಟೇನೂ ತರಿಸ್ಲಾ?" ಅಂದ. ಎಲ್ಲರೂ ನಕ್ಕರು.

ಕಿವಿ ಕಾದವು. ಅದೇ ಪರೀಕ್ಷೆಯ ಕೋಣೆ, ಅದೇ ಬೆಂಚು. ಸೆರಗು ಎಳೆದುಕೊಂಡೆ, ಕುರ್ಚಿ ಹಿಂದಕ್ಕೆ ಸರಿಸಿದೆ, ಅರ್ಧ ಎದ್ದೂ ಬಿಟ್ಟೆ. ಇನ್ನರ್ಧ ಎದ್ದಿದ್ದರೆ ಇವತ್ತು ಈ ಕಾಗದ ಇರುತ್ತಿರಲಿಲ್ಲ.

"ಕೂಚೋಂಡಮ್ಮಾ," ಅಂದರು ಪಕ್ಕದ ನರಸಿಂಹಲು. "ಕೂಚೋಂಡಿ."

ಅವರಿಗೇನು ಗೊತ್ತು, ಅದು ಯಾರ ಮಾತು ಅಂತ? ನನ್ನ ಕಾಲಿಗೆ ಗೊತ್ತಿತ್ತು. ಮಡಚಿತು. ಕೂತೆ.

ಮುಂದಿನ ಎಲೆ ಬಂದಾಗ ನಾನೊಂದು ಉಪಾಯ ಮಾಡಿದೆ. ಎಲೆ ಎತ್ತುವ ಹಾಗಿಲ್ಲ ತಾನೆ? ನಾನೇ ಬಗ್ಗಿ, ಮೇಜಿನ ಮೇಲೆ ಮಗುಚಿದ್ದ ಎಲೆಗೆ ಕಣ್ಣು ಮುಟ್ಟಿಸಿದೆ. ಅದಕ್ಕೆ ಅಡ್ಡಿಯಿರಲಿಲ್ಲ. ಪ್ರತಿ ಸಲವೂ ಹಾಗೇ ಮಾಡಿದೆ. ನಕ್ಕವರು ನಕ್ಕರು. ನಾಲ್ಕನೆಯ ಸಲವೋ ಐದನೆಯ ಸಲವೋ ಬಿಲ್ಲೆ ಮುಟ್ಟಿದಾಗ ಕೈ ಎಷ್ಟು ನಡುಗಿತೆಂದರೆ, ಗೋಪುರದ ಹಾಗೆ ಪೇರಿಸಿದ್ದ ಬಿಲ್ಲೆಗಳು ಕುಸಿದು ಮೇಜಿನ ಮೇಲೆ ಎಳೆದಿದ್ದ ಗೆರೆ ದಾಟಿ ಉರುಳಿದವು. ಗೆರೆ ದಾಟಿದರೆ ಪಣ ಕಟ್ಟಿದ ಹಾಗೆಯೇ ಅಂತೆ. ದಾವಣಗೆರೆ ಹುಡುಗ ನನ್ನ ಕೈಯನ್ನೇ ನೋಡಿದ. "ಕೈ ಹಿಂಗ್ ನಡುಗ್ತೈತೆ ಅಂದ್ರೆ ದೊಡ್ಡದೇ ಬಂದೈತೆ," ಎಂದು ತನ್ನ ಎಲೆ ಬಿಟ್ಟುಬಿಟ್ಟ. ಉಳಿದವರೂ ಬಿಟ್ಟರು. ನನ್ನ ಹತ್ತಿರ ಇದ್ದದ್ದು ಎರಡರ ಒಂದು ಎಲೆ, ಏಳರ ಒಂದು ಎಲೆ. ಅದಕ್ಕಿಂತ ಬಡ ಎಲೆ ಆ ಆಟದಲ್ಲಿ ಇಲ್ಲ.

ಅಲ್ಲಿಂದ ಶುರುವಾಯಿತು ನೋಡು ಅವರ ಕಷ್ಟ. ಒಳ್ಳೆಯ ಎಲೆ ಬಂದರೆ ಮುಖವೋ ಕೈಯೋ ಏನಾದರೊಂದು ಹೇಳಿಬಿಡುತ್ತದೆ, ಅದನ್ನು ಓದುವುದೇ ಈ ಆಟವಂತೆ. ನನ್ನನ್ನು ಏನೆಂದು ಓದುತ್ತಾರೆ? ನಾನು ಕೆಟ್ಟದ್ದಕ್ಕೂ ಹೆದರುವವಳು, ಒಳ್ಳೆಯದಕ್ಕೆ ಇನ್ನೂ ಹೆದರುವವಳು. ಪ್ರತಿ ಎಲೆಗೂ ಒಂದೇ ನಮಸ್ಕಾರ, ಒಂದೇ ನಡುಕ. ಎರಡು ರಾಜ ಬಂದಾಗಲೂ ಹಾಗೇ ನಡುಗಿದೆ. ಇದೂ ಸುಮ್ಮನೆ ನಡುಕ ಎಂದುಕೊಂಡು ಆ ಹುಡುಗ ತನ್ನ ಬಿಲ್ಲೆಯನ್ನೆಲ್ಲ ಮುಂದೆ ತಳ್ಳಿದ. ನಾನೂ ತಳ್ಳಿದೆ. ಎಲೆ ತಿರುಗಿಸಿದಾಗ ನನ್ನ ರಾಜರೇ ಗೆದ್ದರು. ಅವನು ಕಪ್ಪು ಕನ್ನಡಕ ತೆಗೆದ.

"ಆಂಟಿ, ನಿಮ್ಮನ್ನ ಓದಾಕೇ ಆಗಲ್ಲ ಬಿಡ್ರಿ."

"ನಾನೇ ಏಳನೇ ಕ್ಲಾಸಿಗೆ ಓದು ಬಿಟ್ಟೋಳು. ನನ್ನ ನೀನೇನ್ ಓದ್ತೀಯಪ್ಪಾ?" ಅಂದೆ.

ಆ ಮಾತು ನನ್ನ ಬಾಯಿಂದಲೇ ಬಂತೇ ಎಂದು ನನಗೇ ನಂಬಿಕೆಯಾಗಲಿಲ್ಲ. ಈ ಸಲ ಎಲ್ಲರೂ ನಕ್ಕಾಗ ನಾನೂ ನಕ್ಕೆ. ಅಷ್ಟು ಹೊತ್ತಿಗೆ ಸೋತು ಎದ್ದಿದ್ದ ಜ್ಯೋತಿ ಹಗ್ಗದಾಚೆ ನಿಂತು ಕೂಗಿದಳು: "ನಮ್ಮತ್ಗೆ! ಮೊಳಕಾಲ್ಮೂರು ಸೊಸೆ!" ಸೊಸೆ ಎಂದರೆ ಯಾವ ಲೆಕ್ಕದ ಸೊಸೆ ಎಂದು ಪಾಪ ಅಲ್ಲಿದ್ದವರಿಗೆ ಏನು ತಿಳಿಯಬೇಕು? ನಿನಗೆ ತಿಳಿಯುತ್ತದೆ, ಅಕ್ಕನ ಮಗಳೂ ಸೊಸೆಯೇ.

ಎರಡು ಮೇಜು ಒಂದಾಯಿತು. ಆರು ಜನ ಉಳಿದೆವು, ನಾಲ್ಕಾದೆವು, ಮೂರಾದೆವು. ನನ್ನ ಹತ್ತಿರ ಆಸು ಮತ್ತು ರಾಣಿ, ನರಸಿಂಹಲು ಅವರ ಹತ್ತಿರ ಆರರ ಎರಡು ಎಲೆ. ಮೇಜಿನ ಮೇಲಿನ ಐದರಲ್ಲಿ ನನಗೆ ಒಂದೂ ಒದಗಲಿಲ್ಲ. ಇದ್ದದ್ದನ್ನೆಲ್ಲ ತಳ್ಳಿದ್ದೆ, ಬಿಲ್ಲೆ ಮುಗಿದವು. ಹದಿನೆಂಟು ಜನರಲ್ಲಿ ಮೂರನೆಯವಳು, ಮಾವ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈ ಕಟ್ಟಿಕೊಂಡು ಕೂತೇ ಇದ್ದೆ.

ಸ್ವಲ್ಪ ಹೊತ್ತು ನೋಡಿ, ಎಲೆ ಹಂಚುವ ಹುಡುಗಿ ಮೆಲ್ಲಗೆ ಬಾಗಿಲ ಕಡೆ ಕೈ ತೋರಿಸಿದಳು. ನೀವಿನ್ನು ಏಳಬಹುದು ಅಂತ. ನನಗೆ ಎಲ್ಲಿಂದ ಧೈರ್ಯ ಬಂತೋ, "ಇಲ್ಲಮ್ಮ, ಅವರಿಬ್ಬರದೂ ಮುಗೀಲಿ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಮೇಲಿನವರನ್ನು ಕರೆದಳು. ಅವರಿಗೂ ಅರ್ಥವಾಗಲಿಲ್ಲ. ಸೋತವರು ಕುರ್ಚಿ ಬಿಡದೆ ಕೂತದ್ದನ್ನು ಆ ಹಡಗಿನಲ್ಲಿ ಯಾರೂ ನೋಡಿರಲಿಲ್ಲವೇನೋ. ಕೊನೆಗೆ ನರಸಿಂಹಲು ನಕ್ಕು, "ಬಂತಿ ಕದಾ," ಅಂದರು. ಪಂಕ್ತಿಯಲ್ಲವೇ, ಅಂತ. ಆಮೇಲೆ ಹಿಂದಿಯಲ್ಲಿ ಅವರಿಗೆ ಬಿಡಿಸಿ ಹೇಳಿದರು: ನಮ್ಮ ಕಡೆ ಎಲ್ಲರ ಎಲೆ ಮುಗಿಯುವ ತನಕ ಯಾರೂ ಏಳುವುದಿಲ್ಲ. ನನ್ನನ್ನು ಕೂರಲು ಬಿಟ್ಟರು. ಇನ್ನೂ ಮುಕ್ಕಾಲು ಗಂಟೆ ಆಟ ನಡೆಯಿತು. ಕೊನೆಯ ಎಲೆ ಬಿದ್ದು ನರಸಿಂಹಲು ಗೆದ್ದ ಮೇಲೆ, ಮೂವರೂ ಒಟ್ಟಿಗೆ ಎದ್ದೆವು. ಆಗ ನೋಡಿಕೊಂಡೆ, ಕೈ ನಡುಗುತ್ತಿರಲಿಲ್ಲ. ಕತ್ತರಿಯನ್ನೂ ವಾಪಸು ಕೊಟ್ಟರು.

ಅವ್ವನಿಗೆ ಹೇಳುವುದು ಹೇಗೆ ಎಂದು ವಾರವೆಲ್ಲ ಒದ್ದಾಡಿದೆ. ಮೂರನೆಯ ಸ್ಥಾನಕ್ಕೆಂದು ಹಡಗಿನವರು ಕೊಟ್ಟ ಗಾಜಿನ ಫಲಕವನ್ನು ಕುಚ್ಚಿನ ದಾರದ ಚೀಲದಲ್ಲಿ ಬಚ್ಚಿಟ್ಟಿದ್ದೆ. ಒಂದು ಮಧ್ಯಾಹ್ನ ಸೂಜಿ ಹುಡುಕಲು ಹೋದ ಅವ್ವನ ಕೈಗೇ ಸಿಕ್ಕಿತು. ಅದರ ಮೇಲೆ ಇಸ್ಪೀಟಿನ ಚಿತ್ರ. ಅವಳಿಗೆ ಓದು ಬಾರದಿದ್ದರೂ ಅದು ಗೊತ್ತಾಗದೇ? ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಅವ್ವ ಹುಣಸೆಹಣ್ಣಿನ ಬೀಜ ಬಿಡಿಸುತ್ತ, ತಲೆ ಎತ್ತದೆ ಕೇಳಿದಳು. ಬೈಗುಳಕ್ಕೆ ಕಾದು ನಿಂತೆ.

"ಎಲೆ ಕಣ್ಣಿಗೊತ್ಕೊಂಡ್ಯಾ?"

"ನಿಂಗ್ಯಾರು ಹೇಳಿದ್ರವ್ವ ಅದನ್ನ?"

"ಯಾರು ಹೇಳ್ಬೇಕು? ನಿಮ್ ಮಾವಂಗೆ ಎಲೆ ಹಿಡಿಯಾದು ಕಲ್ಸಿದ್ದು ಯಾರು ಅಂದ್ಕಂಡೀಯ?"

ಮಾವ, ನಾನು ಅಲ್ಲೇ ಕೂತುಬಿಟ್ಟೆ. ಹಾಗಾದರೆ ಅವತ್ತು ಹೊಸ್ತಿಲಲ್ಲಿ ನಿನ್ನ ಬಾಯಿಗೆ ಬಂದಿದ್ದ ಮಾತು ಅದೇ ಅಲ್ಲವೇ? ಒಂದು ಮಾತು. ನೀನೇ ಅಲ್ವೇನಕ್ಕ ಕಲಿಸಿದ್ದು, ಅಂದಿದ್ದರೆ ಮುಗಿಯುತ್ತಿತ್ತು. ನನ್ನ ಎದುರಿಗೆ ಅವಳನ್ನು ಸಣ್ಣವಳು ಮಾಡಬಾರದು ಎಂದು ನುಂಗಿಕೊಂಡೆ. ನಿನ್ನನ್ನು ಜೂಜುಕೋರ ಎಂದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಇದನ್ನು ಹೇಳಬೇಕು ಅನ್ನಿಸುತ್ತದೆ. ಈಗ ನನಗೆ ಅಷ್ಟು ಧೈರ್ಯ ಬಂದಿದೆ.

ಅವ್ವನ ಕೈ ನಿಂತಿತ್ತು. "ನಡುವೆ ಎದ್ದು ಬಂದ್ಯಾ?" ಅಂತ ಕೇಳಿದಳು.

"ಇಲ್ಲವ್ವ. ಕೊನೇತನ್ಕ ಕೂತಿದ್ದೆ."

"ಅವ್ನು ಇದ್ದಿದ್ರೆ..." ಎಂದವಳು, ಸೆರಗಿನಿಂದ ಆ ಫಲಕ ಒರೆಸಿ ದೇವರ ಗೂಡಿನಲ್ಲಿಟ್ಟಳು. ಹುಣಸೆಹಣ್ಣಿನ ಅಂಟು ಒಂದಿಷ್ಟು ಅದಕ್ಕೆ ಮೆತ್ತಿಕೊಂಡಿತು. ನಾನು ಅದನ್ನು ತೊಳೆದಿಲ್ಲ. ಆಮೇಲೆ ಅವ್ವ ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಬಂದು, ಏನೂ ನಡೆದಿಲ್ಲ ಎನ್ನುವ ಹಾಗೆ ಹೇಳಿದಳು:

"ಈ ಯುಗಾದಿಗೆ ಜ್ಯೋತೀನ ಇಲ್ಲಿಗೇ ಕರಿ. ಬರೋವಾಗ ಎಲೆ ತರಾಕೆ ಹೇಳು."

"ಯಾವ ಎಲೆ ಅವ್ವ? ಊಟದ್ದಾ, ಆಡೋದಾ?"

"ಎರಡೂ ತರ್ಲಿ."

ಇದೇ ಸುದ್ದಿ, ಮಾವ. ಈ ಕಾಗದವನ್ನೂ ನಡುವೆ ಬಿಡಲಿಲ್ಲ, ನೋಡು.

ನಿನ್ನ ಸೊಸೆ,
ರತ್ನ