ಹದಿನೈದನೇ ರೀಲು

3 ಡಿಸೆಂಬರ್ 1963, ಮಂಗಳವಾರ

ಬಯಲಿನ ಟೆಂಟಿನಲ್ಲಿ ‘ಎರಡನೆಯ ತೋರಣ’ ಮೂರನೇ ವಾರಕ್ಕೆ ಕಾಲಿಟ್ಟಿದೆ. ಮಾಲಕ ಅಂದಾನಪ್ಪ ತಿಳಿಸಿದ. ಶಿರಸಿಯಲ್ಲಿ ಈ ವರ್ಷ ಬೇರೆ ಯಾವ ಚಿತ್ರವೂ ಇಷ್ಟು ದಿನ ನಿಂತಿಲ್ಲ. ನಾಲ್ಕು ಸಾಲಿನ ಸುದ್ದಿ ಬರೆದು ಪತ್ರಿಕೆಗೆಂದು ಹುಬ್ಬಳ್ಳಿ ಬಸ್ಸಿಗೆ ಕೊಟ್ಟೆ.

ವರದಿಯ ಜೊತೆ ಪೇಪರಿನ ಏಜೆನ್ಸಿಯೂ ನನ್ನದೇ. ಬೆಳಗಿನ ಪೇಪರ್ ಬಸ್ಸು ನಲವತ್ತು ನಿಮಿಷ ತಡ. ತಂಗಿ ಗೌರಕ್ಕ ಕಟ್ಟು ಬಿಚ್ಚಿ, ಎಣಿಸಿ, ಊರಿನ ಹೆಸರು ಬರೆದು ಬೇರೆ ಬೇರೆ ಕಟ್ಟಿದಳು. ಶಿರಸಿ 61, ಸಿದ್ದಾಪುರ 24, ಬನವಾಸಿ 14, ಹೆಗ್ಗರಣೆ 10, ಕೋಲಸಿರ್ಸಿ 3. ಒಟ್ಟು 112. ಎಂಟು ವರ್ಷದಲ್ಲಿ ಒಂದು ಪ್ರತಿಯೂ ತಪ್ಪಿಲ್ಲ. ಗಂಡ ಸತ್ತು ಈ ಮನೆಗೆ ಬಂದಾಗ ಅವಳಿಗೆ ಹತ್ತೊಂಬತ್ತು. ಈಗ ಇಪ್ಪತ್ತೇಳು. ನನ್ನ ಹೆಂಡತಿ ತೀರಿಕೊಂಡದ್ದೂ ಅದೇ ವರ್ಷ.

ಗೌರಕ್ಕ ಪಕ್ಕದ ಮನೆ ನೀಲಗಂಗವ್ವನ ಜೊತೆ ಆ ಚಿತ್ರವನ್ನು ಎರಡು ಸಲ ನೋಡಿದ್ದಾಳೆ. ನಾಳೆ ಮೂರನೆಯದು. ವಿಧವೆಯೊಬ್ಬಳು ಮರುಮದುವೆಯಾಗುವ ಕಥೆಯಂತೆ. ನಾನು ನೋಡಿಲ್ಲ.

6 ಡಿಸೆಂಬರ್, ಶುಕ್ರವಾರ

ಜಾಹೀರಾತಿನ ಮಾತಿಗೆ ಟೆಂಟಿಗೆ ಹೋಗಿದ್ದೆ. ಅಂದಾನಪ್ಪ ಚಹಾ ತರಿಸಿದ. ಬಾಯಿ ಸಡಿಲಾಯಿತು.

“ಒಂದ್ ಮಾತ್ ಹೇಳ್ತೀನ್ರಿ ಪರಮೇಶ್ವರಪ್ಪನವರ. ಪೇಪರ್‌ಗೆ ಹಾಕಬ್ಯಾಡ್ರಿ ಮತ್ತ. ಆ ಚಿತ್ರ ಹದಿನೈದು ರೀಲು. ನಾ ತೋರಸೋದು ಹದಿನಾಕು.”

“ಇನ್ನೊಂದು?”

“ಪೆಟ್ಟಿಗ್ಯಾಗ ಐತ್ರಿ. ಮದುವಿ ಆಗಿ ಎಂಟ್ ದಿನಕ್ಕ ಆಕಿ ಬಾವಿಗೆ ಬೀಳ್ತಾಳ. ಹಾವೇರ್ಯಾಗ ಅದನ್ನ ತೋರಿಸಿದೆ. ಹೆಣ್ಮಕ್ಕಳು ಅಳಕೋತ ಹೋದವರು ಮರುದಿನ ಒಬ್ಬರೂ ಬರಲಿಲ್ಲ. ಇಲ್ಲಿ ಏನ್ ಮಾಡಿದೆ? ತೋರಣದ ಕೆಳಗ ಗಂಡ ಹೆಂಡತಿ ಬಂದ್ರೋ ಇಲ್ಲೋ, ‘ಶುಭಂ’ ಅಂತ ಬರದ ಸ್ಲೈಡಿನ ಗಾಜು ಹಾಕಿಬಿಟ್ಟೆ. ಎಲ್ಲಾರೂ ನಕ್ಕೋತ ಮನೀಗೆ ಹೊಂಟ್ರು!”

ಬರೆಯಲಿಲ್ಲ. ಈ ದಿನಚರಿಯಲ್ಲಿ ಮಾತ್ರ.

8 ಡಿಸೆಂಬರ್, ರವಿವಾರ

ದೀಪಾವಳಿಯಲ್ಲಿ ಕೋಲಸಿರ್ಸಿಯ ಮುರಿಗೆಪ್ಪ ಮಾಸ್ತರ ಗೌರಕ್ಕನನ್ನು ಕೇಳಿ ಕಳಿಸಿದ್ದ. ಮೂವತ್ತೈದು ವರ್ಷ, ಹೆಂಡತಿ ಇಲ್ಲ, ಮಕ್ಕಳಿಲ್ಲ. ನಮ್ಮ ಚಂದಾದಾರ. ವಿಧವೆಯನ್ನು ಮತ್ತೆ ಮದುವೆಯಾಗುವ ಉಡಿಕೆ ನಮ್ಮ ಜನರಲ್ಲಿ ಉಂಟು, ನಮ್ಮ ಮನೆಯಲ್ಲಿ ನಡೆದಿಲ್ಲ. ಇಷ್ಟು ದಿನ ಅವಳೂ ಉತ್ತರ ಕೊಟ್ಟಿರಲಿಲ್ಲ. ಇಂದು ಕೊಟ್ಟಳು.

“ಅಣ್ಣಾ, ಕೋಲಸಿರ್ಸಿಗೆ ಹೂಂ ಅಂತ ಹೇಳಿ ಕಳಸು.”

“ಯಾಕ ಒಮ್ಮಿಂದೊಮ್ಮೆಲೆ?”

“ಆಕೀಗೆ ಜನ ಎಷ್ಟ್ ಅಂದ್ರು! ತೋರಣದ ಕೆಳಗ ಬಂದ ಮ್ಯಾಲ ಏನಾತು? ಏನೂ ಆಗಲಿಲ್ಲ.”

“ಸಿನಿಮಾ ಅದು.”

“ಸಿನಿಮಾನ. ನಿನ್ನ ಪೇಪರ್‌ನ್ಯಾಗ ಅಂಥಾ ಸುದ್ದಿ ಒಂದರ ಬಂದೈತೇನು? ಎಂಟು ವರ್ಷ ಓದೇನಿ. ಬಾವಿಗೆ ಬಿದ್ದವರದ ಬರ್ತಾವ.”

ಗೋಡೆಯಾಚೆಯಿಂದ ನೀಲಗಂಗವ್ವ: “ಅಣ್ಣಾರ, ತಂಗೀನ ಕಳಸಿದ್ರ ರೊಟ್ಟಿ ಯಾರ್ ಬಡೀತಾರ ಅಂತ ಚಿಂತಿ ಬಿತ್ತೇನ್ರಿ?”

ಸಂಕ್ರಾಂತಿ ಕಳೆಯಲಿ ಎಂದೆ. ರೀಲಿನ ವಿಷಯ ಹೇಳಲಿಲ್ಲ.

ಅವಳು ಹೋದರೆ ಐದು ಗಂಟೆಗೆ ಕಟ್ಟು ಬಿಚ್ಚುವವರು ಯಾರು — ಯೋಚಿಸಿದೆ. ಯಾರೂ ಇಲ್ಲ.

11 ಡಿಸೆಂಬರ್, ಬುಧವಾರ

ಪತ್ರಿಕೆಯ ಸಿನಿಮಾ ಪುಟಕ್ಕೆ ಓದುಗರಿಂದ ‘ಈ ವರ್ಷ ನನಗೆ ಹಿಡಿಸಿದ ಚಿತ್ರ’ ಕೇಳಿದ್ದಾರೆ. ಇಪ್ಪತ್ತು ಸಾಲು ಮೀರಬಾರದು. ಗೌರಕ್ಕ ಬರೆದಳು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ಅಕ್ಷರ ಚೆನ್ನ. ಎರಡು ಸಲ ಹರಿದು ಮೂರನೆಯದನ್ನು ತಂದು ಕೊಟ್ಟಳು. ನೋಡಿ ಕಳಿಸು ಎಂದಳು. ಕೊನೆಯ ಸಾಲುಗಳು ಹೀಗಿವೆ:

“ಈ ವರ್ಷ ನಾನು ನೋಡಿದ್ದು ಮೂರು ಚಿತ್ರ. ಉಳಿದೆರಡರಲ್ಲಿ ಹಾಡು ಚೆನ್ನಾಗಿದ್ದವು. ಇದರಲ್ಲಿ ಆಕೆ ತಲೆ ಎತ್ತಿಕೊಂಡು ತೋರಣದ ಕೆಳಗೆ ನಡೆದು ಬರುತ್ತಾಳೆ. ಆಮೇಲೆ ಏನೂ ಆಗುವುದಿಲ್ಲ. ಅದಕ್ಕೇ ಇದು ನನಗೆ ಹಿಡಿಸಿತು.”

ತಿದ್ದಲಿಲ್ಲ. ಓದುಗರ ಪತ್ರ ತಿದ್ದುವುದು ವರದಿಗಾರನ ಕೆಲಸವಲ್ಲ. ಹೆಸರು, ಊರು ಪೂರ್ತಿ ಇವೆಯೇ ಎಂದು ಮಾತ್ರ ನೋಡಿದೆ. ಇದ್ದವು. ಸಂಜೆಯ ಬಸ್ಸಿಗೆ ಕೊಟ್ಟೆ.

22 ಡಿಸೆಂಬರ್, ರವಿವಾರ

ಅಚ್ಚಾಗಿದೆ. ಪುಟ ಐದು, ಎರಡನೇ ಕಾಲಂ. ಕೆಳಗೆ ಸಂಪಾದಕರ ಟಿಪ್ಪಣಿ: “ಶಿರಸಿಯ ಸಹೋದರಿ ಚಿತ್ರ ಮುಗಿಯುವ ಮೊದಲೇ ಮನೆಗೆ ಹೋದಂತಿದೆ. ಆಮೇಲೆ ನಾಯಕಿ ಬಾವಿಗೆ ಬೀಳುತ್ತಾಳೆ!”

ನಾನು ಏಳುವಷ್ಟರಲ್ಲಿ ಅವಳು ಓದಿಯಾಗಿತ್ತು. ದೀಪದ ಮುಂದೆ ಕೂತು ಎಣಿಸುತ್ತಿದ್ದಳು. 112 ಪ್ರತಿ, ಎಲ್ಲದರಲ್ಲೂ ಅದೇ.

“ಇದು ಖರೇನಾ ಅಣ್ಣಾ?”

“ಖರೆ. ಹದಿನೈದನೇ ರೀಲು ಅಂದಾನಪ್ಪನ ಪೆಟ್ಟಿಗ್ಯಾಗ ಐತಿ.”

“ನಿನಗ ಮೊದಲ ಗೊತ್ತಿತ್ತಾ?”

“ಆರನೇ ತಾರೀಖಿಂದ.”

ಹುರಿ ಬಿಗಿದು ಕಟ್ಟಿದಳು.

ಬಸ್‌ಸ್ಟ್ಯಾಂಡಿಗೆ ಒಯ್ಯುವಾಗ ಕೋಲಸಿರ್ಸಿಯ ಕಟ್ಟು ಇರಲಿಲ್ಲ. ತಿರುಗಿ ಬಂದು ಹುಡುಕಿದೆ. ಅಕ್ಕಿ ಡಬ್ಬಿಯ ಹಿಂದೆ ಸಿಕ್ಕಿತು. 10-30ರ ಬಸ್ಸಿಗೆ ಹಾಕಿದೆ. ಚಂದಾದಾರರಿಗೆ ಪೇಪರ್ ಮುಟ್ಟಬೇಕು.

24 ಡಿಸೆಂಬರ್, ಮಂಗಳವಾರ

ನಿನ್ನೆ ಟೆಂಟಿನ ಮೇಲೆ ಕಲ್ಲು ಬಿದ್ದಿವೆ. “ಪೂರಾ ತೋರಸು” ಎಂದು ಕೂಗು. ಇಂದಿನಿಂದ ಹದಿನೈದೂ ರೀಲು. ಅಂದಾನಪ್ಪ ಹ್ಯಾಂಡ್‌ಬಿಲ್ ಹಂಚಿಸಿದ. ನನ್ನನ್ನು ಕಂಡು ಮುಖ ತಿರುಗಿಸಿದ. ಪೇಪರಿನಲ್ಲಿ ಬರೆದವನು ನಾನಲ್ಲ.

ನೀರು ತರಲು ಹೋದಾಗ ಹೆಂಗಸರು ಗೌರಕ್ಕನನ್ನು ಆಡಿಸಿದರಂತೆ. “ಅರ್ಧಾ ಸಿನಿಮಾ ನೋಡಿ ಪೂರಾ ಮದುವಿಗೆ ಹೂಂ ಅಂದಾಳವಾ!” ನೀಲಗಂಗವ್ವ ಬಂದು ಹೇಳಿದಳು. ಅವಳೂ ನಗುತ್ತಿದ್ದಳು.

25 ಡಿಸೆಂಬರ್, ಬುಧವಾರ

ಸಂಜೆಯ ಆಟಕ್ಕೆ ಗೌರಕ್ಕನನ್ನು ನಾನೇ ಕರೆದೊಯ್ದೆ. ಒಲ್ಲೆ ಎಂದಳು. ನೋಡದೆ ಮಾತಾಡಬಾರದು, ಇಬ್ಬರೂ ನೋಡೋಣ ಎಂದೆ.

ಎಲ್ಲರಿಗೂ ಗುರುತು ಹತ್ತಿತು. ಹಿಂದಿನಿಂದ ಯಾರೋ, “ಗೌರಕ್ಕಾ, ಇವತ್ತ ಲಗೂ ಎದ್ದ ಹೋಗಬ್ಯಾಡಾ!” ಬೆಂಚು ಬೆಂಚೇ ನಕ್ಕಿತು.

ತೋರಣದ ದೃಶ್ಯ ಬಂದಾಗ ಎದ್ದಳು. ಮಣಿಕಟ್ಟು ಹಿಡಿದೆ.

“ಕುಂದ್ರು. ಮುಗಿದಿಲ್ಲ.”

ಕೂತಳು. ಕೊನೆಯ ರೀಲು ನನ್ನ ಗಡಿಯಾರದಲ್ಲಿ ಒಂಬತ್ತು ನಿಮಿಷ. ಬಾವಿ, ಕೊಡ, ಹಗ್ಗ. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅಳಲಿಲ್ಲ. ಸುತ್ತಲಿನವರು ಅತ್ತರು.

ದಾರಿಯಲ್ಲಿ ಒಂದೇ ಮಾತು. “ಮಾಸ್ತರೂ ಪೇಪರ್ ಓದಿರ್ತಾರ. ಅವರು ಏನಂತಾರ ನೋಡೂನು. ಅವರೂ ನಕ್ಕಿದ್ರ ಮುಗೀತು. ನಾ ಮತ್ತ ಈ ಮಾತ ತಗಿಯಂಗಿಲ್ಲ.”

31 ಡಿಸೆಂಬರ್, ಮಂಗಳವಾರ

ವರ್ಷದ ಕೊನೆಗೆ ವರದಿಗಾರರ ಆಯ್ಕೆಯನ್ನೂ ಪತ್ರಿಕೆ ಕೇಳಿದೆ. ನಾನು ಈ ವರ್ಷ ನೋಡಿದ್ದು ಏಳು. ಹೆಸರು ಬರೆದು ಒಂದೊಂದಾಗಿ ಹೊಡೆದು ಹಾಕಿದೆ. ಉಳಿದದ್ದು ‘ಎರಡನೆಯ ತೋರಣ’. ಕಾರಣ: ಕೊನೆಯ ರೀಲು. ನಡೆಯುವುದನ್ನು ನಡೆದ ಹಾಗೆ ತೋರಿಸಿದ್ದಾರೆ. ಆರು ಸಾಲು. ಕಳಿಸಿದೆ.

ಮಾಸ್ತರನಿಂದ ಸುದ್ದಿ ಇಲ್ಲ. ಗೌರಕ್ಕ ದಿನಾ ಕೇಳುತ್ತಾಳೆ. ರೊಟ್ಟಿ ಸೀಯುತ್ತಿವೆ. ಎಣಿಕೆ ಮಾತ್ರ ಸರಿ ಇದೆ.

7 ಜನವರಿ 1964, ಮಂಗಳವಾರ

ಕೋಲಸಿರ್ಸಿಯಿಂದ ಪತ್ರ ಬಂತು, ಅಂಚೆಯಲ್ಲಿ. ವಿಳಾಸ ಗೌರಕ್ಕನದು. ಅವಳು ಬಟ್ಟೆ ಒಗೆಯಲು ಹೋಗಿದ್ದಳು. ಒಡೆದೆ.

ಮಾಸ್ತರ ನಕ್ಕಿಲ್ಲ. ಬರೆದದ್ದು ಇಷ್ಟು — ಶಾಲೆಯ ಪರೀಕ್ಷೆಯಿಂದ ತಡವಾಯಿತು. ಚಿತ್ರವನ್ನು ಹುಬ್ಬಳ್ಳಿಯಲ್ಲಿ ಪೂರ್ತಿ ನೋಡಿದ್ದೇನೆ. ಮುಕ್ತಾಯ ನೀವು ಬರೆದದ್ದೇ ಸರಿ. ಪೇಪರಿನ ಆ ತುಂಡನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ, ಟಿಪ್ಪಣಿ ಬಿಟ್ಟು. ರವಿವಾರ 12ನೇ ತಾರೀಖು 9-15ಕ್ಕೆ ಬರುವ ಸಿದ್ದಾಪುರ ಬಸ್ಸಿನಲ್ಲಿ ಇರುತ್ತೇನೆ. ನೀವು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರೆ ಅದೇ ಉತ್ತರ. ಇಲ್ಲದಿದ್ದರೆ ಅದೇ ಬಸ್ಸಿಗೆ ತಿರುಗಿ ಹೋಗುತ್ತೇನೆ. ಮತ್ತೆ ತೊಂದರೆ ಕೊಡುವುದಿಲ್ಲ.

ಎರಡು ಸಲ ಓದಿದೆ. ಕಾಗುಣಿತ ತಪ್ಪಿಲ್ಲ. ಈ ಪುಸ್ತಕದಲ್ಲಿ ಇಟ್ಟಿದ್ದೇನೆ.

ಕಿರವತ್ತಿಯ ಚಿಕ್ಕವ್ವನಿಗೆ ಕಾರ್ಡು ಬರೆದೆ — ಗೌರಕ್ಕನನ್ನು ಸಂಕ್ರಾಂತಿಗೆ ಕಳಿಸುತ್ತೇನೆ, ನಾಲ್ಕು ದಿನ ಇಟ್ಟುಕೊಂಡು ಕಳಿಸು ಎಂದು.

9 ಜನವರಿ, ಗುರುವಾರ

ಬೆಳಿಗ್ಗೆ ಕಟ್ಟು ಕಟ್ಟುತ್ತ ಕೇಳಿದಳು.

“ಕೋಲಸಿರ್ಸಿ ಬಸ್ಸಿನ್ಯಾಗ ಏನರ ಬಂತೇನ ಅಣ್ಣಾ? ಚೀಟಿ... ಮಾತು...”

“ಬಸ್ಸಿನ್ಯಾಗ ಏನೂ ಬಂದಿಲ್ಲ.”

ಸುಳ್ಳಲ್ಲ. ಪತ್ರ ಅಂಚೆಯಲ್ಲಿ ಬಂದದ್ದು.

“ಹಂಗಾರ ಅವರೂ ನಕ್ಕಾರ” ಎಂದಳು. ಕೋಲಸಿರ್ಸಿಯ ಮೂರು ಪ್ರತಿ ಮಡಿಸಿದಳು.

11 ಜನವರಿ, ಶನಿವಾರ

ಅಂದಾನಪ್ಪನ ಟೆಂಟು ಬಿಚ್ಚಿದರು. ಮುಂದಿನ ಮೊಕ್ಕಾಂ ಸಿದ್ದಾಪುರ. ಅಲ್ಲಿ ಮತ್ತೆ ಹದಿನಾಲ್ಕೇ ರೀಲು ಎಂದು ಕೇಳಿದೆ.

ಗೌರಕ್ಕ ಕಿರವತ್ತಿಗೆ ಹೋಗಲು ಒಪ್ಪಿದಳು. ಒಂದು ಚೀಲ, ಎರಡು ಸೀರೆ, ಚಿಕ್ಕವ್ವನಿಗೆ ಎಳ್ಳು ಬೆಲ್ಲ.

“ಪೇಪರ್ ಕಟ್ಟಿಟ್ಟ ಹೋಗ್ತೀನಿ. ನಾಳಿದ್ದಿಂದ ನಾಕ್ ದಿನ ನೀನ ಎಣಸಕೋ. ಕೋಲಸಿರ್ಸಿ ಮರೀಬ್ಯಾಡ, ಮೂರು.”

ಮರೆಯುವುದಿಲ್ಲ ಎಂದೆ.

ನಾಳೆ ಕಿರವತ್ತಿ ಕಡೆಗೆ ಹೋಗುವ ಯಲ್ಲಾಪುರದ ಬಸ್ಸು 8-30ಕ್ಕೆ ಬಿಡುತ್ತದೆ. ಟಿಕೀಟು ತೆಗೆದುಕೊಟ್ಟು ಕೂಡಿಸುವುದು. ಸಿದ್ದಾಪುರದ ಬಸ್ಸು 9-15ಕ್ಕೆ ಬರುತ್ತದೆ.