ಯು ಸಾಕೆ, ಎಚ್ ಬೇಕೆ

ಫೆಬ್ರವರಿ 3, ಸೋಮವಾರ. ಮಧ್ಯಾಹ್ನ 2

ಏಳನೇ ಫೈಲ್. ಈ ಡಾಕ್ಟರು ರೆಕಾರ್ಡಿಂಗಿನಲ್ಲಿ ಎರಡು ಮಾತಿಗೊಮ್ಮೆ ಕೆಮ್ಮುತ್ತಾರೆ. ಕೆಮ್ಮು ಬಿಟ್ಟು ಉಳಿದದ್ದನ್ನು ಕೇಳಿ ಟೈಪ್ ಮಾಡುವುದು ನನ್ನ ಕೆಲಸ. ಬೆಳಿಗ್ಗೆಯಿಂದ ಲ್ಯಾಪ್‌ಟಾಪ್ ಮೂರು ಸಲ ಹ್ಯಾಂಗ್. ಮನೆಗೆ ಇರುವುದು ಒಂದೇ — ನಾಲ್ಕು ಗಂಟೆಯವರೆಗೆ ನನ್ನದು, ಆಮೇಲೆ ಇವರದು. ಹೊಸತು ತೆಗೆದುಕೊಳ್ಳದೆ ಇನ್ನು ಆಗದು.

ಅಕ್ಕನ ಮಗ ಲತೀಶನಿಗೆ ಫೋನ್ ಮಾಡಿದೆ. ಕಲ್ಯಾಣದಲ್ಲಿದ್ದಾನೆ, ಕಂಪ್ಯೂಟರಿನವನು. "ಪ್ರೊಸೆಸರ್ ನಂಬರಿನ ಕೊನೆಯ ಅಕ್ಷರ ನೋಡಿ ಚಿಕ್ಕಮ್ಮ. ಯು ಇದ್ರೆ ಬಿಸಿ ಆಗಲ್ಲ, ಸದ್ದಿಲ್ಲ, ಬ್ಯಾಟರಿ ತುಂಬಾ ಹೊತ್ತು ಬರ್ತದೆ. ಟೈಪಿಂಗಿಗೆ ಬಹೋತ್ ಹೋ ಗಯಾ. ಎಚ್ ಎಲ್ಲ ಗೇಮ್ ಆಡುವವರಿಗೆ."

ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ಪೇಪರಿನಿಂದ ತಲೆ ಎತ್ತಲಿಲ್ಲ.

"ಯು ಬೇಡ. ಎಚ್ ಬೇಕು. ಗ್ರಾಫಿಕ್ಸ್ ಕಾರ್ಡ್ ಬೇರೆ ಇರ್ಬೇಕು."

ಬೈಪಾಸ್ ಆದ ಮೇಲೆ ಹೋಟೆಲ್ ಮ್ಯಾನೇಜರಿಕೆ ಬಿಟ್ಟು ಮನೆಯಲ್ಲಿ ಕೂತ ಮನುಷ್ಯ. ಫೋಟೋ ಫಾರ್ವರ್ಡ್ ಮಾಡಲು ನನ್ನನ್ನು ಕರೆಯುತ್ತಾರೆ. ಇವರ ಬಾಯಲ್ಲಿ ಗ್ರಾಫಿಕ್ಸ್ ಕಾರ್ಡ್!

ಯಾರೋ ಕಲಿಸಿದ್ದಾರೆ.

ಫೆಬ್ರವರಿ 5, ಬುಧವಾರ

ಮಹಿಳಾ ಮಂಡಳಿಯ ಭಜನೆ ಎಂದು ಹೇಳಿ ಹೊರಟೆ. ಹೋದದ್ದು ಕೋಪರಖೈರಣೆಗೆ, ಮಾನಸಿಯ ಮನೆಗೆ. ಇಲ್ಲಾದರೂ ನಿಜ ಬರೆಯುತ್ತೇನೆ.

ನಮ್ಮ ಒಬ್ಬಳೇ ಮಗಳು. ಎರಡು ವರ್ಷದ ಹಿಂದೆ ಅಂಬರೀಶನನ್ನು ಮದುವೆಯಾದಳು. ಅವನ ಅಪ್ಪ ಹಣಮಂತ್ರಾಯ ಕಲಬುರಗಿ ಕಡೆಯಿಂದ ಬಂದವರು, ವಾಶಿ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು ಮಗನನ್ನು ಓದಿಸಿದರು. "ಹಮಾಲಿಯ ಮನೆಗೆ ಹೋದವಳು ಇಲ್ಲಿಗೆ ಬರಬಾರದು. ನೀನು ಅಲ್ಲಿಗೆ ಹೋದ್ರೆ ನೀನೂ ಬರ್ಬೇಡ," ಎಂದರು ಇವರು. ಅಂದಿನಿಂದ ನನ್ನ ಬುಧವಾರಗಳು.

ಈಗ ಅವಳಿಗೆ ಐದನೇ ತಿಂಗಳು. ಇವರಿಗೆ ಗೊತ್ತಿಲ್ಲ.

ಅಂಬರೀಶ ಮೂರೂವರೆಗೆ ಡ್ಯೂಟಿ ಮುಗಿಸಿ ಬರುತ್ತಾನೆ. ಅದಕ್ಕೆ ಮೊದಲೇ ಹೊರಡುತ್ತೇನೆ. ಒಳ್ಳೆಯವನೇ ಇರಬಹುದು. ಆದರೂ ಕಡಿಮೆ ಮಾತಾಡುವವರನ್ನು ನನಗೆ ಬೇಗ ನಂಬಲಾಗುವುದಿಲ್ಲ.

ಫೆಬ್ರವರಿ 6, ಗುರುವಾರ. ಸಂಜೆ 4.20

ಕೋಣೆಯ ಬಾಗಿಲು ಹಾಕಿಕೊಂಡಿದ್ದಾರೆ. ಒಳಗೆ ಇವರು ಮಾತಾಡುತ್ತಿದ್ದಾರೆ. ಕೆಮ್ಮು, ಫ್ಯಾನು, ನರ್ಸುಗಳ ಗಲಾಟೆಯ ನಡುವೆ ಔಷಧದ ಹೆಸರು ಹಿಡಿಯುವ ಕಿವಿ ನನ್ನದು. ಮರದ ಬಾಗಿಲು ಯಾವ ಲೆಕ್ಕ?

ನಗು ಕೇಳಿತು. ಆಪರೇಷನ್ ಆದ ಮೇಲೆ ಇವರು ಹಾಗೆ ನಕ್ಕದ್ದು ನಾನು ಕೇಳಿಲ್ಲ. ಮತ್ತೆ — ಕನ್ನಡ! ಮನೆಯಲ್ಲಿ ನಮ್ಮದು ತುಳು. ಬಾಗಿಲ ಹಿಂದೆ ಕನ್ನಡ ಯಾರ ಜೊತೆ?

ಚಹಾ ಹಿಡಿದು ಒಳಗೆ ಹೋದೆ. ಸ್ಕ್ರೀನ್ ಟಪ್ ಎಂದು ಮುಚ್ಚಿದರು.

"ಎಂತ ಆಡ್ತಾ ಇದ್ದೀರಿ?"

"ಎಂತ ಇಲ್ಲ. ನ್ಯೂಸ್."

ರಮ್ಮಿ ಇರಬಹುದೇ? ಲತೀಶನಿಗೆ ಮೆಸೇಜ್ ಹಾಕಿದೆ. "ರಮ್ಮಿಗೆ ಮೊಬೈಲ್ ಸಾಕು ಚಿಕ್ಕಮ್ಮ. ಎಚ್ ಕೇಳ್ತಾರೆ ಅಂದ್ರೆ ಮಾಮ್ಲಾ ಬಡಾ ಹೈ, ದೊಡ್ಡದೇ ಏನೋ," ಎಂದು ನಗುವ ಮುಖ ಕಳಿಸಿದ್ದಾನೆ. ನನಗೆ ನಗು ಬರಲಿಲ್ಲ.

ಫೆಬ್ರವರಿ 9, ಭಾನುವಾರ

ವಾಶಿಯ ಮಾಲ್. ಅಂಗಡಿಯವನು ಎರಡನ್ನೂ ಪಕ್ಕಪಕ್ಕ ಇಟ್ಟ. ಯು — ತೆಳ್ಳಗೆ, ಹಗುರ, ಕಿವಿ ಹತ್ತಿರ ಹಿಡಿದರೂ ನಿಶ್ಶಬ್ದ. ಎಚ್ — ಇಟ್ಟಿಗೆಯಷ್ಟು ಭಾರ. ಆಟ ಹಾಕಿ ತೋರಿಸಿದ ಕೂಡಲೇ ಫ್ಯಾನ್ ಹೊಯ್ಯೋ ಎಂದಿತು. ರೆಕಾರ್ಡಿಂಗ್ ಕೇಳಿ ಬದುಕುವವಳಿಗೆ ಆ ಸದ್ದೇ ಶತ್ರು.

ಇವರು ಅಂಗಡಿಯವನನ್ನು ಬಿಡಲಿಲ್ಲ. ಗಂಟೆಗಟ್ಟಲೆ ಓಡಿದರೆ ಯು ಬಿಸಿಯಾಗಿ ಸ್ಪೀಡ್ ಇಳಿಸುತ್ತದಲ್ಲವೇ? ಗ್ರಾಫಿಕ್ಸ್ ಮೆಮೊರಿ ಎಷ್ಟು? ಮೈಕ್ ಹೇಗೆ?

"ಅಂಕಲ್ ಕೋ ಸಬ್ ಪತಾ ಹೈ," ಎಂದ ಅವನು, ಮೆಚ್ಚಿಕೊಂಡು.

ಮೈಕ್ ಏಕೆ? ನ್ಯೂಸ್ ಕೇಳಲು ಮೈಕ್ ಬೇಕೇ?

ಬರಿಗೈಯಲ್ಲಿ ಬಂದೆವು. ಠಾಣೆಯಲ್ಲಿ ಗಾಡಿ ಬದಲಿಸುವಾಗ ಕೇಳಿಯೇ ಬಿಟ್ಟೆ. "ಯಾರಿಗೋಸ್ಕರ ಇದೆಲ್ಲ?"

"ಎಲ್ಲದಕ್ಕೂ ಸಂಶಯ ನಿನಗೆ ಮಾರಾಯ್ತಿ."

ಮುಂಬ್ರಾ ದಾಟಿ ನಮ್ಮ ಡೊಂಬಿವಲಿವರೆಗೆ ಇಬ್ಬರೂ ಕಿಟಕಿ ನೋಡಿದೆವು. ಒಂದೇ ಕಿಟಕಿ.

ಫೆಬ್ರವರಿ 13, ಗುರುವಾರ

ಬ್ರೌಸರಿನ ಹಿಸ್ಟರಿ ತೆಗೆದು ನೋಡಿದೆ. ಖಾಲಿ. ಫೋಟೋ ಫಾರ್ವರ್ಡ್ ಮಾಡಲು ಬಾರದವರು ಹಿಸ್ಟರಿ ಅಳಿಸಿದ್ದಾರೆ.

ಹೆಂಗಸೇ ಇರಬೇಕು. ಬರೆಯಬಾರದಿತ್ತು. ಆದರೂ ಬರೆದೆ.

ಫೆಬ್ರವರಿ 19, ಬುಧವಾರ. ರಾತ್ರಿ 8

ಒಂದೊಂದಾಗಿ ಬರೆಯುತ್ತೇನೆ.

ಟ್ರೇನ್ ತಡ. ಮಾನಸಿಯ ಮನೆ ತಲುಪುವಾಗಲೇ ಎರಡೂವರೆ. ಅವಳು ಬೇಗ ಹೊರಡಲು ಬಿಡಲಿಲ್ಲ. "ಅಮ್ಮಾ, ಆಜ್ ರುಕ್ ಜಾ ನಾ. ಚಟ್ನಿ ಮಾಡಿಕೊಡು, ನನಗೆ ಬೇರೆ ಯಾವುದೂ ಸೇರಲ್ಲ." ಅಂಬರೀಶ ಬಂದ. "ಅತ್ತಿ, ಅರಾಮದೀರಿ?" ಎಂದವನೇ ಒಳಕೋಣೆಗೆ ಹೋದ.

"ದಿನಾ ನಾಲ್ಕು ಗಂಟೆಗೆ ಗೇಮ್," ಎಂದಳು ಮಾನಸಿ. "ಕೋಯಿ ಅಂಕಲ್ ಹೈ, ಅವರ ಜೊತೆ. ಯಾರು ಅಂತ ಕೇಳಿದ್ರೆ ಹೇಳಲ್ಲ. ನಂಗೆ ಡೌಟ್ ಅಮ್ಮಾ."

ನಾಲ್ಕು ಗಂಟೆ. ನಮ್ಮ ಮನೆಯಲ್ಲೂ ಕೋಣೆಯ ಬಾಗಿಲು ಹಾಕುವ ಹೊತ್ತು.

ನಾನು ಹೊಂದಿಸಿಕೊಟ್ಟ ಚಟ್ನಿಗೆ ಅವಳು ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದಳು. ನಾನು ಕೋಣೆಯ ಹತ್ತಿರ ಹೋದೆ. ಅವನ ಹೆಡ್‌ಫೋನ್ ಚಾರ್ಜಿಗಿತ್ತು, ಸ್ಪೀಕರ್ ಸಣ್ಣಗೆ. ಸ್ಕ್ರೀನಿನಲ್ಲಿ ಘಾಟಿ ರಸ್ತೆ. ಎರಡು ಟ್ರಕ್ಕು, ಒಂದರ ಹಿಂದೆ ಒಂದು.

"ಮಾಮಾ, ಮುಂದ ತಿರುವು ಅದ, ಹೊಳ್ಳೂದದ. ಸ್ವಲ್ಪ ಸಾವಕಾಶ ಹೋಗ್ರಿ."

"ಗೊತ್ತುಂಟು, ನೀನು ಸುಮ್ಮನೆ ಬಾ. ಡಾಕ್ಟರ್ ಎಂತ ಹೇಳಿದ್ರು? ಸ್ಕ್ಯಾನ್ ಆಯ್ತಾ?"

ಭುಜಂಗ. ನನ್ನ ಗಂಡ. ಮಿಕ್ಸಿ ಅಲ್ಲ, ಪ್ರಳಯದ ನಡುವೆಯೂ ಆ ಸ್ವರ ನನಗೆ ತಪ್ಪದು.

"ಆತ್ರಿ ಮಾಮಾ. ಎಲ್ಲಾ ಚಲೋ ಅದ ಅಂದ್ರು."

"ಅವಳು ಊಟ ಸರಿಯಾಗಿ ಮಾಡ್ತಾ —"

ಮುಂದಿನ ಟ್ರಕ್ಕು ಇದ್ದಲ್ಲೇ ನಿಂತಿತು. ಸ್ವರವೂ.

"ಮಾಮಾ? ಮಾಮಾ... ಮತ್ತ ಹ್ಯಾಂಗ್ ಆತು," ಎಂದು ತಿರುಗಿದ ಅಂಬರೀಶ. ನನ್ನನ್ನು ನೋಡಿ ಎದ್ದು ನಿಂತ.

ಪಿಸುಮಾತಿನಲ್ಲೇ ಹೇಳಿದ. ಇವರ ಆಪರೇಷನ್ ಆದಾಗ ಯಾರಿಗೂ ಹೇಳದೆ ಆಸ್ಪತ್ರೆಗೆ ಬಂದಿದ್ದನಂತೆ. ನಾನು ಕ್ಯಾಂಟೀನಿಗೆ ಹೋಗಿದ್ದೆ. ಇವರು ಕಣ್ಣು ಮುಚ್ಚಿ ಮಲಗಿದ ಹಾಗೆ ಮಾಡಿದರು. ಅವನು ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ಟ್ರಕ್ ಓಡಿಸುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಇವರೇ ಕೇಳಿದರಂತೆ — "ಎಂತ ಆಟ ಅದು?"

"ಫೋನ್ ಮಾಡ್ರಿ ಅಂದ್ರ ಒಲ್ಲೆ ಅಂತಾರ ಅತ್ತಿ. ಫೋನ್ ಮಾಡಿದ್ರ ಸೋತಂಗಂತ. ಇದು ಬರೇ ಆಟ ಅಂತಾರ. ಆದ್ರ ಆ ಲ್ಯಾಪ್‌ಟಾಪ್ ಹತ್ತು ನಿಮಿಷಕ್ಕ ನಿಂದರ್ತದ, ಮಾತೂ ನಿಂದರ್ತದ. ಅದಕ್ಕ ನಾನೇ ಎಚ್ ತಗೋರಿ ಅಂದೆ."

"ನಾನು ಇಲ್ಲಿಗೆ ಬರೋದು ಅವರಿಗೆ ಗೊತ್ತುಂಟಾ?"

"ನಾ ಹೇಳಿಲ್ರಿ. ಮಾನಸಿಗೂ ಏನೂ ಹೇಳಿಲ್ಲ. ಆಣಿ ಹಾಕ್ಯಾರ."

ಮಿಕ್ಸಿ ನಿಂತಿತು.

ಫೆಬ್ರವರಿ 20, ಗುರುವಾರ

ನಗು ಬರಬೇಕಿತ್ತು. ಸಿಟ್ಟು ಬಂದಿದೆ. ಎರಡು ವರ್ಷ ಕದ್ದು ಕದ್ದು ಓಡಾಡಿ, ಇಲ್ಲದ ಭಜನೆ ಹುಟ್ಟಿಸಿ, ಸ್ಟೇಷನ್ನಿನಲ್ಲಿ ಗುರುತಿನವರನ್ನು ಕಂಡರೆ ಸೆರಗು ಎಳೆದುಕೊಂಡು... ಇತ್ತ ಇವರು ಟ್ರಕ್ ಓಡಿಸುತ್ತ ಅಳಿಯನ ಜೊತೆ ಸ್ಕ್ಯಾನ್ ವಿಚಾರಿಸುತ್ತಾರೆ.

ಕೇಳಲೇ? ಕೇಳಿದರೆ ನನ್ನ ಬುಧವಾರಗಳೂ ಹೊರಬೀಳುತ್ತವೆ. ಹಠಕ್ಕೆ ಬಿದ್ದು ಆಟವನ್ನೂ ಬಿಟ್ಟರೆ?

ಬೇಡ. ಸದ್ಯ ಬೇಡ.

ಸಂಜೆ ನಾಲ್ಕಕ್ಕೆ ಬಾಗಿಲು ಹಾಕಿದರು. ನಾನು ಟಿವಿ ಜೋರಾಗಿ ಇಟ್ಟೆ, ಇವರು ಗಟ್ಟಿಯಾಗಿ ಮಾತಾಡಲಿ ಎಂದು.

ಫೆಬ್ರವರಿ 23, ಭಾನುವಾರ

ಎಚ್ ತಂದೆವು. ಗ್ರಾಫಿಕ್ಸ್ ಕಾರ್ಡ್ ಬೇರೆ ಇರುವುದೇ. ಅಂಗಡಿಯಲ್ಲಿ ಮೊದಲು ಕೈ ತೋರಿಸಿದವಳು ನಾನು.

ಇವರು ನನ್ನನ್ನು ಒಂದು ನಿಮಿಷ ನೋಡಿದರು. "ಫ್ಯಾನ್ ಸದ್ದು ನಿನಗೆ ಆಗೋದಿಲ್ಲ ಅಂದಿದ್ದೆಯಲ್ಲ?"

"ಒಳ್ಳೆ ಹೆಡ್‌ಫೋನ್ ತಗೊಳ್ತೇನೆ."

"ಯಾರು ಹೇಳಿಕೊಟ್ರು ನಿನಗೆ?"

"ಯಾರೂ ಇಲ್ಲ."

ನಂಬಲಿಲ್ಲ. ಮನೆ ತಲುಪುವವರೆಗೂ ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದರು.

ಮಾರ್ಚ್ 10, ಸೋಮವಾರ. ಸಂಜೆ 4.40

ಎರಡು ವಾರ ಬರೆಯಲಾಗಲಿಲ್ಲ. ಫೈಲುಗಳು ರಾಶಿ. ಟೈಪಿಂಗ್ ಮಾಡುವಾಗ ಎಚ್ ಅಂಥ ಸದ್ದೇನೂ ಮಾಡುವುದಿಲ್ಲ. ಚಾರ್ಜರ್ ಮಾತ್ರ ಸದಾ ಸಿಕ್ಕಿಸಿರಬೇಕು. ಆಟ ಹಾಕಿದಾಗ ಗಿರಣಿ.

ಈಗ ಗಿರಣಿ ಓಡುತ್ತಿದೆ. ಒಂದು ಸಲವೂ ನಿಂತಿಲ್ಲ. ಇವತ್ತು ಯಾಕೋ ಬಾಗಿಲು ಹಾಕಿಲ್ಲ. ಮರೆತರೋ, ಬೇಕೆಂದೇ ಬಿಟ್ಟರೋ? ಊಟದ ಮೇಜಿನಿಂದ ಇವರ ಬೆನ್ನು ಕಾಣುತ್ತದೆ. ಐದು ನಿಮಿಷದಿಂದ ಬರೀ ಕೇಳುತ್ತಿದ್ದಾರೆ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಕರೆದರು. "ಸ್ವರ್ಣಾ, ಇಲ್ಲಿ ಬಾ. ನಿನ್ನ ಹತ್ತಿರ ಮಾತಾಡ್ಬೇಕಂತೆ."

"ಯಾರು?" ಎಂದೆ, ಏನೂ ಗೊತ್ತಿಲ್ಲದವಳ ಹಾಗೆ.

ಕನ್ನಡಕ ಹಾಕಿಕೊಂಡರು. ಮತ್ತೆ — "ಮಾನಸಿ." ಎರಡು ವರ್ಷದಿಂದ ಆ ಬಾಯಲ್ಲಿ ಬಾರದ ಹೆಸರು. "ಬುಧವಾರ ಬರುವಾಗ ಎಂತೆಲ್ಲ ತರ್ಬೇಕು ಅಂತ ಹೇಳ್ತಾಳಂತೆ. ಬೇಗ ಬಾ."

ಬುಧವಾರ! ಇವರಿಗೆ ಯಾವಾಗಿಂದ —